ತಿರುಪು ಬಿಚ್ಚದ ಓಲೆ

ನಮ್ಮ ಇನ್ಸ್‌ಪೆಕ್ಟರು ತೀರಿಕೊಂಡ ಸುದ್ದಿ ಬಂದಾಗ ನಾನು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದೆ. ಪೊಲೀಸ್ ಕೆಲಸದಿಂದ ನಿವೃತ್ತನಾಗಿ ವರ್ಷಗಳಾದರೂ ಐದಕ್ಕೆ ಏಳುವುದು, ಐದೂಮುಕ್ಕಾಲಿಗೆ ಕ್ಷೌರ, ಆರೂವರೆಗೆ ಬೂಟು, ಇದು ತಪ್ಪಿಲ್ಲ. ಒಂದು ಬೂಟು ಮುಗಿದಿತ್ತು. ಇನ್ನೊಂದನ್ನೂ ಮುಗಿಸಿ, ಬ್ರಷ್ಷನ್ನು ಅದರ ಜಾಗದಲ್ಲಿಟ್ಟು, ಸಂತೆಬಾಚಹಳ್ಳಿಯಿಂದ ಮೊದಲ ಬಸ್ಸು ಹಿಡಿದೆ. ಕೆ.ಆರ್. ಪೇಟೆಯಲ್ಲಿ ಇಳಿದು ಪಾಂಡವಪುರದ ಬಸ್ಸಿಗೆ ಕಾಯುವಾಗ ಜೇಬು ಮುಟ್ಟಿ ನೋಡಿಕೊಂಡೆ. ಪೆನ್ನು ಇತ್ತು. ಪಾಕೆಟ್ ಪುಸ್ತಕವೂ ಇತ್ತು. ಸಾವಿನ ಮನೆಗೆ ಇವೆರಡು ಯಾಕೆ ಎಂದು ಯಾರಾದರೂ ಕೇಳಬಹುದು. ನಾನು ಠಾಣೆಯ ರೈಟರ್ ಆಗಿದ್ದವನು. ದೂರು, ಹೇಳಿಕೆ, ಮಹಜರು, ಎಲ್ಲವನ್ನೂ ಬರೆಯುವ ಹೆಡ್ ಕಾನ್‌ಸ್ಟೇಬಲ್. ಅಂಥವನು ಕೊಡೆ ಮರೆತು ಹೊರಟಾನು, ಪೆನ್ನು ಮರೆಯಲಾರ.

ಅವರ ಹೆಸರು ಇಲ್ಲಿ ಬೇಡ. ನಾವಿಬ್ಬರೂ ಒಟ್ಟಿಗಿದ್ದ ಠಾಣೆಯ ಹೆಸರೂ ಬೇಡ. ನಾಗಮಂಗಲದ ಕಡೆಯ ರಾಗಿ ಹೊಲದ ಮನೆಯಿಂದ ಬಂದವರು. ಕಾನ್‌ಸ್ಟೇಬಲ್ ಆಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಇನ್ಸ್‌ಪೆಕ್ಟರ್ ಆಗಿದ್ದರು. ಗಿಡ್ಡ ಆಳು, ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ದೂರದಿಂದ ನೋಡಿದರೆ ನೆಲದ ಮೇಲೆ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ವಿಚಾರಣೆಗೆ ಕೂತರೆ ಮೊದಲು ತಮ್ಮ ಕೈಗಡಿಯಾರ ಬಿಚ್ಚಿ ಎದುರಿಗೆ ಕೂತವರ ಮುಂದೆ ಇಡುತ್ತಿದ್ದರು.

"ಟೈಮು ನಿಂದು ಕಣಪ್ಪ. ನಂಗೇನ್ ಅವಸರ ಇಲ್ಲ. ನಿಧಾನಕ್ ಯೋಳು."

ಸುಳ್ಳು ಹೇಳುವವನು ಗಡಿಯಾರ ನೋಡುತ್ತಾನೆ, ನಿಜ ಹೇಳುವವನು ನಮ್ಮ ಮುಖ ನೋಡುತ್ತಾನೆ ಎನ್ನುವುದು ಅವರ ಲೆಕ್ಕ. ಯಾವಾಗಲೂ ಸರಿಯಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಬಹಳ ಸಲ ಆಗುತ್ತಿತ್ತು.

ಪ್ಯಾಂಟಿನ ಎಡ ಜೇಬಿನಲ್ಲಿ ಒಂದು ಹಿಡಿ ಹುಣಸೆಬೀಜ ಇರುತ್ತಿದ್ದವು. ಕಳವಾದ ಮನೆಯ ಜಗಲಿಯ ಮೇಲೆ ಅವನ್ನು ಸುರಿದು, ಒಂದೊಂದು ಬೀಜಕ್ಕೆ ಒಬ್ಬೊಬ್ಬರ ಹೆಸರಿಟ್ಟು, "ಇದು ನೀವು, ಇದು ನಿಮ್ಮ ಮಾವ, ಇಬ್ರೂ ಎಲ್ಲಿದ್ರಿ ಅಲ್ಲಿ ಇಡಿ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ನಗುತ್ತಲೇ ಬೀಜ ಸರಿಸುತ್ತಿದ್ದರು. ಒಮ್ಮೆ ಒಬ್ಬ ರೈತನ ಪಂಪ್‌ಸೆಟ್ ಕಳವಾಯಿತೆಂದು ದೂರು ಬಂತು. ನಾನು ಎಫ್‌ಐಆರ್ ಪುಸ್ತಕ ತೆಗೆದಿದ್ದೆ. ಇವರು ತಡೆದರು. ಬೀಜ ಹರಡಿ ಅರ್ಧ ಗಂಟೆ ಮಾತಾಡಿಸಿದ ಮೇಲೆ ಗೊತ್ತಾಯಿತು, ಭಾಮೈದ ಅದನ್ನು ರಿಪೇರಿಗೆ ಒಯ್ದಿದ್ದ. ಹಿಂದಿನ ವಾರ ಜಗಳವಾಗಿ ಇಬ್ಬರಿಗೂ ಮಾತಿರಲಿಲ್ಲವಾದ್ದರಿಂದ ಹೇಳಿರಲಿಲ್ಲ.

"ನೋಡಿದ್ರಾ ರೈಟ್ರೇ? ಕಳ್ಳನ್ನ ಆಮೇಲೆ ಹುಡ್ಕಣ. ಮೊದ್ಲು ಕಳವು ಆಗದೋ ಇಲ್ವೋ ಹುಡುಕ್ರಿ."

ಈ ಮಾತನ್ನು ಅವರು ಹೊಸದಾಗಿ ಬಂದ ಪ್ರತಿ ಕಾನ್‌ಸ್ಟೇಬಲ್‌ಗೂ ಹೇಳುತ್ತಿದ್ದರು. ಕೊನೆಗೆ ಅವರನ್ನೇ ಕಟ್ಟಿಹಾಕಿದ್ದೂ ಇದೇ ಮಾತು.

ನಮ್ಮ ಸರಹದ್ದಿನಲ್ಲಿ ಒಂದು ದೊಡ್ಡ ಮನೆ ಇತ್ತು. ಕಬ್ಬಿನ ಗದ್ದೆ, ಕಲ್ಯಾಣ ಮಂಟಪ, ಕಾಲೇಜು ಮೂರೂ ಇದ್ದ ಮನೆ. ಅವರ ಮನೆಯ ಊಟಕ್ಕೆ ಮಂತ್ರಿಗಳು ಬಂದರೆ ಊರಿನವರು ತಿರುಗಿ ನೋಡುತ್ತಿರಲಿಲ್ಲ, ಅಷ್ಟು ಸಾಮಾನ್ಯ. ಆ ಮನೆಯ ಹಿರಿಯಮ್ಮ ಗಂಡ ಇರುವಾಗಲೇ ಮುತ್ತೈದೆಯಾಗಿ ತೀರಿಕೊಂಡರು. ದೇಹವನ್ನು ಮನೆ ಮುಂದಿನ ಶಾಮಿಯಾನದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ದಿನವಿಡೀ ದರ್ಶನಕ್ಕೆ ಬಿಟ್ಟರು. ಮಾರನೆಯ ದಿನ ಅವರದೇ ತೋಟದಲ್ಲಿ ದಹನ. ಮೂರನೆಯ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟರು. ಬಂದೋಬಸ್ತಿಗೆ ನಾವೂ ಹೋಗಿದ್ದೆವು.

ಹನ್ನೆರಡನೆಯ ದಿನ ಹಿರಿಯ ಮಗ ಠಾಣೆಗೆ ಬಂದು ದೂರು ಕೊಟ್ಟರು. ತಾಯಿಯ ಏಳು ಕಲ್ಲಿನ ವಜ್ರದ ಓಲೆ ಕಾಣೆ. ಅನುಮಾನ ಅರಕೆರೆಯ ನಿಂಗಮ್ಮನ ಮೇಲೆ.

ನಿಂಗಮ್ಮ ಎರೆಯುವವಳು. ಹುಟ್ಟಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ಬಿಸಿನೀರು ಎರೆಯುವುದು, ಬಾಣಂತಿಯ ಮೈ ನೀವುವುದು ಅವಳ ಕಸುಬು. ಸತ್ತವರ ಮನೆಯಲ್ಲಿ ಹೆಂಗಸರ ದೇಹ ತೊಳೆಯಲೂ ಅವಳನ್ನೇ ಕರೆಯುತ್ತಿದ್ದರು. ದೊಡ್ಡ ಮನೆಯ ಎರಡು ತಲೆಮಾರಿನ ಮಕ್ಕಳು ಅವಳ ಕಾಲ ಮೇಲೆ ಅತ್ತು ಬೆಳೆದವರು. ಆ ಹಿರಿಯಮ್ಮನ ಮೈ ತೊಳೆದವಳೂ ಅವಳೇ.

ಅವಳನ್ನು ಠಾಣೆಗೆ ಕರೆಸಿದಾಗ ಬಂದವಳೇ ನೆಲದ ಮೇಲೆ ಕೂತಳು. ಇನ್ಸ್‌ಪೆಕ್ಟರು ಬೆಂಚು ತರಿಸಿ ಕೂರಿಸಿ, ಗಡಿಯಾರ ಬಿಚ್ಚಿ ಮುಂದಿಟ್ಟರು.

"ಓಲೆ ಮುಟ್ಟಿದ್ಯೇನವ್ವ?"

"ಮುಟ್ಟಿದೆ ಸಾಮಿ. ಮೈ ತೊಳೆವಾಗ ಬಳೆ, ಸರ ಎಲ್ಲಾ ಬಿಚ್ಚಿ ದೊಡ್ಡಕ್ಕನ್ ಕೈಗೇ ಕೊಟ್ಟೆ. ಓಲೆ ತಿರುಪು ಕಚ್ಕಂಡಿತ್ತು. ಯಾವ್ ಕಾಲದ್ದೋ ಏನೋ. ಒಂಚೂರ್ ಎಣ್ಣೆ, ಒಂದೆಳೆ ನೂಲು ಕೊಡ್ರವ್ವ, ಬಿಚ್ತೀನಿ ಅಂದೆ. 'ಬುಡು ನಿಂಗಿ, ಬೋಳು ಕಿವೀಲಿ ಜನದ್ ಮುಂದೆ ಮಲಗಿಸೋದಾ? ಎತ್ತೋ ಮುಂಚೆ ನಾವೇ ತೆಗೀತೀವಿ' ಅಂದ್ರು."

"ಆಮೇಲೆ?"

"ಆಮೇಲೆ ನಮ್ಮನ್ನೆಲ್ಲ ಹಿತ್ತಲಿಗೆ ಕಳ್ಸಿದ್ರು. ದೊಡ್ಡೋರೆಲ್ಲ ಬರ್ತಾವ್ರೆ, ಅಡ್ಡ ನಿಂತ್ಕಬ್ಯಾಡಿ ಅಂದ್ರು."

ಮಾತಾಡಿದ ಅಷ್ಟೂ ಹೊತ್ತು ಅವಳು ಗಡಿಯಾರ ನೋಡಲಿಲ್ಲ. ನಾನು ಹೇಳಿಕೆ ಬರೆದೆ, ಓದಿ ಹೇಳಿದೆ, ಅವಳು ಎಡ ಹೆಬ್ಬೆಟ್ಟು ಒತ್ತಿದಳು. ದಿನಾ ನೀರಿನಲ್ಲಿ ನೆನೆದ ಬೆರಳು. ಗುರುತು ಸರಿಯಾಗಿ ಮೂಡಲಿಲ್ಲ. ಇನ್ನೊಮ್ಮೆ ಒತ್ತಿಸಿದೆ.

ಮರುದಿನ ದೊಡ್ಡ ಮನೆಯ ನಡುಮನೆಯಲ್ಲಿ ಹುಣಸೆಬೀಜ ಹರಡಿದವು. ನಿಂಗಮ್ಮ ದೊಡ್ಡಕ್ಕ ಎಂದಿದ್ದ ಹಿರಿಯ ಮಗಳು ತುಟಿ ಬಿಗಿದುಕೊಂಡು ಕೂತಿದ್ದರು. ಅವರ ಅತ್ತಿಗೆ, ಅಂದರೆ ಮನೆಯ ಹಿರಿಸೊಸೆ, ಕಂಬಕ್ಕೆ ಒರಗಿ ನಿಂತಿದ್ದರು. ಇಬ್ಬರ ಬೀಜಗಳೂ ದೇಹವೆಂದು ಇಟ್ಟ ಬೀಜದ ಎರಡು ಬದಿಯಲ್ಲಿ ಬಂದವು.

"ಎತ್ತೋ ಹೊತ್ನಲ್ಲಿ ಓಲೆ ಯಾರು ತೆಗೆದ್ರಿ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ಅತ್ತಿಗೆ ತೆಗೆದವ್ರೆ ಅಂದ್ಕಂಡಿದ್ದೆ," ಎಂದರು ಮಗಳು.

"ನಾನು ಇವ್ರೇ ತಗಂಡವ್ರೆ ಅಂದ್ಕಂಡೆ. ಹೆಣ್ಮಕ್ಳ ಹಕ್ಕು ಅಂತ ಸುಮ್ನಾದೆ," ಎಂದರು ಸೊಸೆ.

"ಹನ್ನೊಂದ್ ದಿನ ಒಬ್ರನ್ನೊಬ್ರು ಕೇಳ್ಳಿಲ್ವಾ?"

ಯಾಕೆ ಕೇಳಲಿಲ್ಲವೆಂದು ನಮಗೂ ಗೊತ್ತಿತ್ತು. ಸೂತಕದ ಮನೆಯಲ್ಲಿ ಮೊದಲು ಒಡವೆಯ ಮಾತೆತ್ತಿದವರೇ ಆಸೆಬುರುಕರು. ಆ ಹೆಸರು ಒಮ್ಮೆ ಬಂದರೆ ಹೋಗುವುದಿಲ್ಲ. ಹಾಗಾಗಿ ಇಬ್ಬರೂ ತಿಥಿ ಮುಗಿಯುವವರೆಗೆ ಬಾಯಿ ಕಟ್ಟಿಕೊಂಡಿದ್ದರು. ಹನ್ನೊಂದನೆಯ ದಿನದ ಊಟವಾಗಿ ನೆಂಟರು ಹೋದ ಮೇಲೆ ಒಬ್ಬರು ಕೇಳಿದರು, ಇನ್ನೊಬ್ಬರು "ನಿಮ್ಮ ಹತ್ರ ಇಲ್ವಾ?" ಅಂದರು. ಆಮೇಲೆ ಇಬ್ಬರಿಗೂ ಅನುಕೂಲವಾದ ಮೂರನೆಯ ಹೆಸರು ಹುಡುಕಿಕೊಂಡರು.

ಇನ್ಸ್‌ಪೆಕ್ಟರು ಬೀಜ ಬಾಚಿ ಜೇಬಿಗೆ ಹಾಕಿಕೊಂಡರು. ಬಾಬುರಾಯನಕೊಪ್ಪಲಿನಲ್ಲಿ ಜೀಪು ನಿಲ್ಲಿಸಿ, ಅಂತ್ಯಕ್ರಿಯೆಯ ವಿಡಿಯೊ ಮಾಡಿದವನ ಮನೆಗೆ ಹೋದರು. ದೊಡ್ಡ ಮನೆ ಎಂದ ಮೇಲೆ ಸಾವಿಗೂ ಎರಡು ಕ್ಯಾಮೆರಾ, ಒಂದು ಡ್ರೋನು. ಅವನ ಕಂಪ್ಯೂಟರಿನ ಮುಂದೆ ಇಡೀ ಮಧ್ಯಾಹ್ನ ಕೂತೆವು. ದೇಹ ಎತ್ತಬೇಕು ಅನ್ನುವಷ್ಟರಲ್ಲಿ ಮಂತ್ರಿಯೊಬ್ಬರ ಕಾರು ಬಂತು. ಗಾಜಿನ ಪೆಟ್ಟಿಗೆಯ ಬಳಿ ಇದ್ದವರೆಲ್ಲ, ಮಗಳು, ಸೊಸೆಯೂ ಸೇರಿ, ಗೇಟಿನ ಕಡೆ ಸರಿದರು. ಮಂತ್ರಿ ಹಾರ ಹಾಕಿದ್ದೇ ತಡ, ಗಂಡಸರು ದೇಹ ಎತ್ತಿದರು. ಆಮೇಲೆ ತೋಟ. ಚಿತೆಯ ಮೇಲೆ ಮಲಗಿಸಿ ಹಿರಿಯ ಮಗ ಬಾಯಿಗೆ ಅಕ್ಕಿ ಹಾಕುವಾಗ ಕ್ಯಾಮೆರಾದವನು ಹತ್ತಿರ ಹೋಗಿದ್ದ. ಹೂವಿನ ರಾಶಿಯ ಮಧ್ಯೆ ಒಂದು ಕಿವಿ. ಕಿವಿಯಲ್ಲಿ ಏಳು ಕಲ್ಲು, ಬಿಸಿಲಿಗೆ ಮಿಂಚಿದವು.

"ನಿಲ್ಸು," ಎಂದರು ಇನ್ಸ್‌ಪೆಕ್ಟರು. ಬಹಳ ಹೊತ್ತು ನೋಡಿದರು. "ಕಳವೇ ಆಗಿಲ್ಲ ಕಣ್ರೀ ರೈಟ್ರೇ. ಅವ್ರೇ ಸುಟ್ಟವ್ರೆ."

ಆದರೂ ಪಶ್ಚಿಮವಾಹಿನಿಗೆ ಹೋದೆವು. ಅಲ್ಲಿ ನದಿಯ ಮರಳು ಜಾಲಿಸಿ, ಬೂದಿಯ ಜೊತೆ ಬಿದ್ದ ಚೂರುಪಾರು ಹುಡುಕುವ ಕೆಲವರಿದ್ದಾರೆ. ಎರಡು ದಿನ ಜಾಲಿಸಿದರು. ಏನೂ ಸಿಗಲಿಲ್ಲ. ಒಬ್ಬ ಮುದುಕ ಸೊಂಟ ನೇರ ಮಾಡಿಕೊಂಡು ನಕ್ಕ. "ಬುಡಿ ಸಾಮಿ, ಹೊಳೆ ಏನ್ ರಸೀದಿ ಕೊಟ್ಟದಾ?"

ರಸೀದಿಯಂಥದ್ದು ನಮ್ಮ ಬಳಿ ಇತ್ತಲ್ಲ, ಆ ವಿಡಿಯೊ. ಅದನ್ನು ತೋರಿಸಿದರೆ ಮುಗಿಯಿತು ಎಂದುಕೊಂಡು ದೊಡ್ಡ ಮನೆಗೆ ಹೋದೆವು. ಹಿರಿಯ ಮಗ ಪೂರ್ತಿ ನೋಡಿದರು. ಕಣ್ಣು ಒರೆಸಿಕೊಂಡರು. ಅದು ನಟನೆ ಅಲ್ಲ. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು:

"ಇದನ್ನ ಬರೆದ್ರೆ ಏನಾಯ್ತದೆ ಗೊತ್ತಾ ಇನ್ಸ್‌ಪೆಕ್ಟ್ರೇ? ಮಂತ್ರಿ ಮುಖ ನೋಡೋ ಭರದಲ್ಲಿ ಹೆತ್ತವ್ವನ ಮುಖ ನೋಡ್ದೆ ಸುಟ್ರು ಅಂತಾಯ್ತದೆ. ನಾಲ್ಕು ತಾಲ್ಲೂಕು ನಗ್ತದೆ."

"ನಿಂಗವ್ವನ ಗತಿ?"

"ಅವಳ್ನ ಜೈಲಿಗೆ ಹಾಕಿ ಅಂದ್ನಾ? ನಮ್ಮನ್ನೆಲ್ಲಾ ಎರೆದು ಬೆಳೆಸ್ದೋಳು. ಪತ್ತೆ ಆಗ್ಲಿಲ್ಲ ಅಂತ ಬರೀರಿ. ಎಲ್ರಿಗೂ ಒಳ್ಳೇದು."

ಇಲ್ಲಿ ಒಂದು ವಿಷಯ ಹೇಳಬೇಕು. ತನಿಖೆ ಮುಗಿದಾಗ ನಾವು ನ್ಯಾಯಾಲಯಕ್ಕೆ ವರದಿ ಕಳಿಸುತ್ತೇವೆ. ಅಪರಾಧವೇ ನಡೆದಿಲ್ಲ ಎಂದು ಗೊತ್ತಾದರೆ ಬಿ ರಿಪೋರ್ಟ್. ಅಪರಾಧ ನಡೆದಿದೆ, ಮಾಡಿದವರು ಸಿಕ್ಕಿಲ್ಲ ಎಂದರೆ ಸಿ ರಿಪೋರ್ಟ್. ಮೇಲಿನಿಂದ ಫೋನು ಬಂತು. ಸಿ ಹಾಕಿ ಮುಗಿಸಿ, ಇಲ್ಲದಿದ್ದರೆ ನಿಮ್ಮ ಮೇಲಿನ ಹಳೆಯ ಇಲಾಖಾ ವಿಚಾರಣೆಯ ಕಡತ ಮತ್ತೆ ತೆಗೆಯಬೇಕಾಗುತ್ತದೆ ಎಂದರು. ಇನ್ಸ್‌ಪೆಕ್ಟರ ನಿವೃತ್ತಿಗೆ ಎಂಟು ತಿಂಗಳಿತ್ತು.

ನಾನು ಅಂದೆ, "ಸಾರ್, ಸಿ ಹಾಕಿದ್ರೆ ಆಯಮ್ಮನಿಗೇನೂ ತೊಂದ್ರೆ ಇಲ್ವಲ್ಲ. ಕೇಸೇ ಇರಲ್ಲ."

"ಕೇಸ್ ಇರಕಿಲ್ಲ ರೈಟ್ರೇ. ಕಳ್ಳತನ ಇರ್ತದೆ. ಕಳ್ಳ ಸಿಕ್ಕಿಲ್ಲ ಅಂತ ಸರ್ಕಾರದ್ ಕಾಗ್ದದಲ್ಲಿ ಬರೆದ್ ಮೇಲೆ, ಜನ ಯಾರ್ ಮುಖ ನೋಡ್ತಾರೆ? ಜೈಲಾದ್ರೆ ಒಂದಿನ ಬಿಡ್ತಾರೆ. ಇದ್ರಿಂದ ಯಾರ್ ಬಿಡಿಸ್ತಾರೆ?"

ಮೂರು ದಿನ ಹುಣಸೆಬೀಜವನ್ನು ಮೇಜಿನ ಮೇಲೆ ಹರಡಿ ಬಾಚಿ, ಹರಡಿ ಬಾಚಿ ಮಾಡಿದರು. ಯಾವ ಬೀಜ ಎಲ್ಲಿಟ್ಟರೂ ಅವರಿಗೆ ದಾರಿ ಸಿಗಲಿಲ್ಲ. ಈ ನಡುವೆ ಬಾಬುರಾಯನಕೊಪ್ಪಲಿನ ವಿಡಿಯೊ ಹುಡುಗನ ಮನೆಗೆ ಯಾರೋ ಹೋಗಿ ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋಗಿದ್ದರು. ನಮ್ಮ ಬಳಿಯಿದ್ದ ಪ್ರತಿಯನ್ನು ಮೇಲಿನವರು ತರಿಸಿಕೊಂಡರು, ಹಿಂದೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವರು, "ಬರೀರಿ ರೈಟ್ರೇ, ಸಿ," ಎಂದರು.

ನಾನು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಜಿಲ್ಲೆಯಲ್ಲೆಲ್ಲ ಹೆಸರಿತ್ತು. ಅವತ್ತೂ ಚೆನ್ನಾಗಿಯೇ ಬರೆದೆ. ಬರೆಯುವವನು ನಾನು, ಸಹಿ ಮಾಡುವವರು ಅವರು. ಆ ವ್ಯವಸ್ಥೆಯ ಹಿಂದೆ ನಾನು ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ. ಅವರು ಸಹಿ ಮಾಡಿ, ಪೆನ್ನಿನ ಕ್ಯಾಪು ಹಾಕದೆ ಎದ್ದುಹೋದರು. ಕ್ಯಾಪು ನಾನು ಹಾಕಿದೆ.

ಅವರು ಹೇಳಿದ ಹಾಗೆಯೇ ಆಯಿತು. ನಿಂಗಮ್ಮನನ್ನು ಯಾರೂ ಬೈಯಲಿಲ್ಲ, ಯಾರೂ ಕರೆಯಲೂ ಇಲ್ಲ. ಅರಕೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಬೇರೆ ಊರಿನಿಂದ ಎರೆಯುವವರು ಬಂದರು. ನಿವೃತ್ತಿಯಾಗಿ ಪಾಂಡವಪುರದಲ್ಲಿ ಮನೆ ಮಾಡಿದ ಇನ್ಸ್‌ಪೆಕ್ಟರಿಗೆ ಇದು ತಿಳಿಯಿತು. ಅವರು ತಮಗೆ ತೋಚಿದ ಒಂದೇ ಉಪಾಯ ಮಾಡಿದರು. ಎಲ್ಲಿ ಬಾಣಂತಿ ಇದ್ದಾಳೆಂದು ವಿಚಾರಿಸಿ, ಆ ಮನೆಯವರೊಡನೆ ಮಾತಾಡಿ, ಸ್ಕೂಟರಿನಲ್ಲಿ ನಿಂಗಮ್ಮನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಒಳಗೆ ಅವಳು ಮಗುವಿಗೆ ನೀರೆರೆಯುವಾಗ ಹೊರಗೆ ಜಗಲಿಯ ಮೇಲೆ ಇವರು ಪೇಪರು ಓದುತ್ತ ಕೂರುತ್ತಿದ್ದರು. ಅವಳಿಗೆ ತಾವೇ ಜಾಮೀನು ಎನ್ನುವ ಹಾಗೆ.

ಒಂದು ಸಲ ನಾನೂ ಜೊತೆಗಿದ್ದೆ. ಕೆಲಸ ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದ ನಿಂಗಮ್ಮ ಸ್ಕೂಟರು ಹತ್ತಲಿಲ್ಲ.

"ಸಾಮಿ, ಒಂದ್ ಮಾತು. ಬ್ಯಾಸರ ಮಾಡ್ಕಬ್ಯಾಡಿ."

"ಯೋಳವ್ವ."

"ನಾಳಿಂದ ನೀವ್ ಬರ್ಬ್ಯಾಡಿ. ಒಳಗೆ ಆ ಹುಡುಗಿ ಏನಂದ್ಲು ಗೊತ್ತಾ? 'ಏನ್ ನಿಂಗಜ್ಜಿ, ನಿನ್ನ ಕಾಯೋಕೆ ಇನ್ನೂ ಪೊಲೀಸ್ರನ್ನ ಬುಟ್ಟವ್ರಾ?' ಅಂತ. ನೀವು ಬಂದ್ ಕೂತಷ್ಟೂ ನಾನು ಕಳ್ಳಿ ಆಯ್ತೀನಿ."

ಇನ್ಸ್‌ಪೆಕ್ಟರು ಪೇಪರು ಮಡಿಸಿದರು. ಮತ್ತೂ ಮಡಿಸಿದರು, ಅಂಗೈಯಷ್ಟಾಗುವವರೆಗೆ. "ಅದು ನಂಗೆ ಹೊಳೀಲಿಲ್ಲ ಕಣವ್ವ," ಎಂದರು. ಅವಳು ಬಸ್ಸಿಗೆ ನಡೆದುಹೋದಳು. ಇಷ್ಟು ವರ್ಷ ಬೀಜ ಇಟ್ಟು ಎಲ್ಲರೂ ಎಲ್ಲಿ ನಿಂತಿದ್ದಾರೆಂದು ನೋಡಿದವರು, ತಾವು ಎಲ್ಲಿ ಕೂತಿದ್ದೇವೆ ಎಂದು ನೋಡಿಕೊಂಡಿರಲಿಲ್ಲ. ಅಂದಿನಿಂದ ಅವರು ಮನೆಯಿಂದ ಹೊರಡುವುದೇ ಕಡಿಮೆಯಾಯಿತು. ನಾನು ನೋಡಲು ಹೋದಾಗೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಅವತ್ತು ನೀವಾದ್ರೂ ಬರೆಯಲ್ಲ ಅನ್ಬೋದಿತ್ತಲ್ಲ ರೈಟ್ರೇ?" ತಮಾಷೆಯಂತೆ ಕೇಳುತ್ತಿದ್ದರು. ನಾನು ತಮಾಷೆಯಂತೆ ನಗುತ್ತಿದ್ದೆ.

ಅವರ ಸಾವಿನ ಸುದ್ದಿ ಬಂದ ಆ ದಿನ ನಾನು ಪಾಂಡವಪುರ ತಲುಪಿದಾಗ ಹತ್ತು ಗಂಟೆ. ಮನೆ ತುಂಬ ಜನ. ಸ್ನಾನ ಮಾಡಿಸಿ ಮಲಗಿಸಿದ್ದರು. ಬಲಗೈ ಬೆರಳಿನ ಹವಳದ ಉಂಗುರ ಮಾತ್ರ ಬರುತ್ತಿರಲಿಲ್ಲ. ಬೆರಳು ಊದಿಕೊಂಡಿತ್ತು. ಉಂಗುರ ಕತ್ತರಿಸೋಣ ಎಂದರು ಅವರ ಮಗ. ಕತ್ತರಿಸುವುದು ಬೇಡ ಎಂದು ಸಾಹೇಬರ ಹೆಂಡತಿ ಅಳುತ್ತಿದ್ದರು. ಆಗ ಬಾಗಿಲಲ್ಲಿ ನಿಂಗಮ್ಮ ಕಂಡಳು. ಅರಕೆರೆಯಿಂದ ಬಂದಿದ್ದಳು. ಅವಳು ಒಳಗೆ ಬಂದಂತೆ ಅವಳನ್ನು ಬಲ್ಲ ಇಬ್ಬರು ಹೆಂಗಸರ ಕೈ ತಾನಾಗಿ ಅವರವರ ಕೊರಳಿಗೆ ಹೋಯಿತು. ಅವಳು ನೋಡಿದಳು. ನೋಡದವಳಂತೆ ಬಂದು ದೇಹದ ಪಕ್ಕ ಕೂತಳು.

"ಒಂಚೂರ್ ಎಣ್ಣೆ, ಒಂದೆಳೆ ನೂಲು ಕೊಡ್ರವ್ವ."

ಈ ಸಲ ಕೊಟ್ಟರು. ನೂಲನ್ನು ಉಂಗುರದ ಒಳಗಿಂದ ತೂರಿಸಿ, ಬೆರಳಿಗೆ ಒತ್ತೊತ್ತಾಗಿ ಸುತ್ತಿ, ಎಣ್ಣೆ ಸವರಿ, ನೂಲು ಬಿಚ್ಚುತ್ತ ಬಂದಳು. ಉಂಗುರ ಸುತ್ತುತ್ತ ಸುತ್ತುತ್ತ ಹೊರಗೆ ಬಂತು. ಅದನ್ನು ಯಾರಿಗೂ ಕೊಡಲಿಲ್ಲ. ಅಂಗೈ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ ತೋಳು ಚಾಚಿ, ನನ್ನ ಕಡೆ ತಿರುಗಿದಳು.

"ರೈಟ್ರಪ್ಪಾ, ಬರ್ಕಳಿ."

"ಬರೆಯೋದೇನು ನಿಂಗವ್ವಾ, ಕೊಡು ಇಲ್ಲಿ," ಎಂದರು ಸಾಹೇಬರ ಹೆಂಡತಿ.

"ಕೊಡ್ತೀನಿ ಕಣ್ರವ್ವಾ. ಬರೆದ್ಮೇಲೆ ಕೊಡ್ತೀನಿ."

ನಿಂತಲ್ಲೇ ಪುಸ್ತಕ ತೆಗೆದೆ. ಬಲಗೈ ಬೆರಳಿನಿಂದ ತೆಗೆದ ಹವಳದ ಉಂಗುರ ಒಂದು, ತೆಗೆದವರು ಇಂಥವರು, ಪಡೆದವರು ಇಂಥವರು, ಸಮಯ ಹತ್ತೂಕಾಲು. ನಾನು ಬರೆಯುವಷ್ಟೂ ಹೊತ್ತು ಅವಳು ತೋಳು ಚಾಚಿಯೇ ಇದ್ದಳು. "ಕೈ ಇಳಿಸಮ್ಮ, ನೋಯ್ತದೆ," ಎಂದೆ. "ನೀವ್ ಬರೀರಿ," ಎಂದಳು. ಗಟ್ಟಿಯಾಗಿ ಓದಿ ಹೇಳಿದೆ. ಸಾಹೇಬರ ಹೆಂಡತಿ ಸಹಿ ಹಾಕಿದರು. ಆಮೇಲೆ ಅವಳು ಉಂಗುರವನ್ನು ಅವರ ಕೈಗೆ ಹಾಕಿ, ತನ್ನ ಖಾಲಿ ಅಂಗೈಯನ್ನು ಒಮ್ಮೆ ಎಲ್ಲರಿಗೂ ತೋರಿಸಿದಳು.

"ಇನ್ನೊಂದ್ ಬರೀಬೇಕಿತ್ತಲ್ಲ ರೈಟ್ರಪ್ಪ," ಎಂದಳು. ಕೋಪವಿರಲಿಲ್ಲ. "ಬರೆಸೋರು ಇಲ್ಲೇ ಮಲಗವ್ರೆ."

ಪುಟ ತಿರುವಿದೆ. ದೊಡ್ಡ ಮನೆಯ ಹಿರಿಯಮ್ಮನ ಏಳು ಕಲ್ಲಿನ ಓಲೆ ಕಳವಾಗಿಲ್ಲ. ಅದು ಅವರ ಕಿವಿಯಲ್ಲಿಯೇ ಇದ್ದು ಚಿತೆಯಲ್ಲಿ ಸುಟ್ಟಿರುತ್ತದೆ. ಇದನ್ನು ಇನ್ಸ್‌ಪೆಕ್ಟರೂ ನಾನೂ ವಿಡಿಯೊದಲ್ಲಿ ಕಣ್ಣಾರೆ ನೋಡಿರುತ್ತೇವೆ. ಅರಕೆರೆಯ ನಿಂಗಮ್ಮನ ತಪ್ಪು ಏನೂ ಇರುವುದಿಲ್ಲ. ಇದನ್ನೂ ಗಟ್ಟಿಯಾಗಿ ಓದಿದೆ. ಕೊರಳ ಮೇಲೆ ಕೈಯಿಟ್ಟಿದ್ದ ಇಬ್ಬರಲ್ಲಿ ಒಬ್ಬಾಕೆ ಕೈ ಇಳಿಸಿದಳು. ಇನ್ನೊಬ್ಬಾಕೆ ಇಳಿಸಲಿಲ್ಲ.

ಓದಿ ಮುಗಿದ ಮೇಲೆ ನೋಡುತ್ತೇನೆ, ಅಭ್ಯಾಸಬಲದಿಂದ ಪುಟದ ಕೆಳಗೆ ತನಿಖಾಧಿಕಾರಿಯ ಸಹಿಗೆ ಜಾಗ ಬಿಟ್ಟಿದ್ದೆ. ಅವರು ಎರಡು ಮಾರು ದೂರದಲ್ಲಿ, ಉಂಗುರವಿಲ್ಲದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ರೈಟರ್ ಆದವನು ಸಹಿ ಹಾಕುವ ಜಾಗ ಅದಲ್ಲ.

ಹಾಕಿದೆ.